ಮಹಾವೀರಾಚಾರ್ಯನ ಸಂಖ್ಯಾಹಾರ

ಕಳ್ಳಕವಟಗಿ, ತಿಕೋಟಾ ಕಡೆಯ ಮನೆಗಳಲ್ಲಿ ಲೆಕ್ಕವೆಂದರೆ ಜೋಳದ ಚೀಲಗಳ ಎಣಿಕೆ, ದ್ರಾಕ್ಷಿಯ ತೂಕ, ಸಾಲದ ಬಡ್ಡಿ. ಹೆಣ್ಣುಮಕ್ಕಳಿಗೆ ಅಷ್ಟು ಬಂದರೆ ಸಾಕೆನ್ನುವ ಪಾಲಕರು ಇಂದಿಗೂ ಉಂಟು. ಬಡ್ಡಿಯ ಲೆಕ್ಕವು ಅವಶ್ಯವೇ ಸರಿ. ಆದರೆ ಗಣಿತವು ಅಲ್ಲಿಗೇ ಮುಗಿಯದೆಂಬುದನ್ನು ಒಂದೇ ಸಂಖ್ಯೆಯ ಮೂಲಕ ತೋರಿಸಲು ಯತ್ನಿಸುವೆವು.

ಆ ಸಂಖ್ಯೆಯು ನಮ್ಮ ನಾಡಿಗೇ ಸಂಬಂಧಿಸಿದುದು. ಕ್ರಿ. ಶ. ೮೫೦ರ ಸುಮಾರಿನಲ್ಲಿ, ಈ ಸೀಮೆಯೂ ರಾಷ್ಟ್ರಕೂಟರ ಆಳ್ವಿಕೆಯಲ್ಲಿದ್ದಾಗ, ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕವೊಂದಿದೆ. ಗುಣಲಬ್ಧವು ೧೨೩೪೫೬೫೪೩೨೧; ಅಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರರ ವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಇಂಥ ಗುಣಲಬ್ಧಗಳನ್ನು ಕಂಠಹಾರಕ್ಕೆ ಹೋಲಿಸುವರು.

ಈ ಸಂಖ್ಯೆಯು ಯಾವ ವರ್ಗಗಳಿಗೆ ಸೇರಿದುದೆಂದು ನೋಡೋಣ. ಕೊನೆಯ ಅಂಕಿ ಒಂದಾದುದರಿಂದ ಇದು ಬೆಸಸಂಖ್ಯೆ. 'ವಿಕಟಕವಿ' ಎಂಬ ಪದದಂತೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅಂಕಿಗಳ ಮೊತ್ತವು ೩೬. ಆದುದರಿಂದ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದು. ಎಲ್ಲಕ್ಕಿಂತ ಮಿಗಿಲಾಗಿ, ಇದು ಪೂರ್ಣವರ್ಗ: ೧೧೧೧೧೧ನ್ನು ಅದರಿಂದಲೇ ಗುಣಿಸಿದರೆ ಇದೇ ಸಂಖ್ಯೆ ಬರುವುದು.

ಏಕೆ? ಗುಣಿಸುವಾಗ ೧೧೧೧೧೧ನ್ನು ಆರು ಸಾಲುಗಳಲ್ಲಿ, ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯುವೆವು. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಡುವೆ ಆರು ಒಂದುಗಳು ಕೂಡುವುವು. ಮುಂದೆ ಮತ್ತೆ ಇಳಿಯುವುವು. ಎಲ್ಲಿಯೂ ಮೊತ್ತವು ಹತ್ತನ್ನು ಮುಟ್ಟದಿರುವುದರಿಂದ ಹಾರವು ಕೆಡದು. ಒಂಬತ್ತು ಒಂದುಗಳ ವರೆಗೂ ಹೀಗೆಯೇ. ಹತ್ತಾದರೆ ನಡುಗಂಬದ ಮೊತ್ತವು ಹತ್ತಾಗಿ, ದಶಕವು ಎಡಕ್ಕೆ ಹೋಗಿ ಕ್ರಮವು ತಪ್ಪುವುದು.

ಇನ್ನು ಅವಯವಗಳು. ೧೧೧೧೧೧ ಎಂದರೆ ೧೧೧ ಮತ್ತು ೧೦೦೧ರ ಗುಣಲಬ್ಧ. ಮೊದಲನೆಯದು ೩ × ೩೭. ಎರಡನೆಯದು ೭ × ೧೧ × ೧೩. ವರ್ಗಿಸಿದಾಗ ಈ ಐದು ಅವಿಭಾಜ್ಯ ಸಂಖ್ಯೆಗಳು ಎರಡೆರಡು ಸಲ ಬರುವುವು. ಆಚಾರ್ಯನ ೪೪೧ ಎಂಬುದು ೩ × ೭, ಅಂದರೆ ೨೧ರ ವರ್ಗ. ೨೭೯೯೪೬೮೧ ಎಂಬುದು ೧೧ × ೧೩ × ೩೭, ಅಂದರೆ ೫೨೯೧ರ ವರ್ಗ. ಪ್ರತಿಯೊಂದು ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಮೂರನ್ನು ಐದು ಸಲ ಗುಣಿಸಲು ಈ ಸಂಖ್ಯೆಗೆ ೨೪೩ ಭಾಜಕಗಳೆಂದು ತಿಳಿಯುವುದು.

ಪಾಲಕರೇ, ಸಂಜೆ ಮಗಳೊಡನೆ ಕುಳಿತು ಇದನ್ನು ಕಾಗದದ ಮೇಲೆ ಮಾಡಿ ನೋಡಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ಕಲಿತುದನ್ನು ನಿಮ್ಮ ಮಕ್ಕಳಿಗೆ ಹೇಳಿಕೊಡಿರಿ. ದೇವರು ಕೊಟ್ಟ ತಲಾಂತನ್ನು ನೆಲದಲ್ಲಿ ಹೂಳಿಡುವುದು ಸಲ್ಲದು. ಮಗಳಿಗೆ ಬಂಗಾರದ ಸರವನ್ನು ಮಾಡಿಸಲು ವರ್ಷಗಟ್ಟಲೆ ಕೂಡಿಡುವೆವು. ಅದು ಕಷ್ಟಕಾಲದಲ್ಲಿ ಅಡವಿಗೆ ಹೋಗಬಹುದು. ಆದರೆ ಈ ಹಾರವನ್ನು ಅಡವಿಡುವಂತಿಲ್ಲ, ಕಳ್ಳನೂ ಒಯ್ಯಲಾರನು.