ಸೈಟು ಅಗ್ಗ, ಮನೆ ಎಷ್ಟು?

ಊರ ಹೊರಗಿನ ಲೇಔಟ್‌ಗಳ ಬೋರ್ಡಿನಲ್ಲಿ ಸೈಟಿನ ದರ ದಪ್ಪ ಅಕ್ಷರದಲ್ಲಿರುತ್ತದೆ. ಕೆಲವು ಕಡೆ ಅದರ ಕೆಳಗೆ ಸಣ್ಣದಾಗಿ ಇನ್ನೊಂದು ಮಾತು: ‘ಮನೆಯನ್ನು ನಮ್ಮ ಬಿಲ್ಡರ್ ಕಡೆಯಿಂದಲೇ ಕಟ್ಟಿಸತಕ್ಕದ್ದು’. ಪಕ್ಕದ ಲೇಔಟಿಗಿಂತ ಚದರ ಅಡಿಗೆ ಇನ್ನೂರು ರೂಪಾಯಿ ಕಡಿಮೆ ಎಂದಾಗ ಆ ಸಾಲನ್ನು ಯಾರು ಓದುತ್ತಾರೆ?

ನಾವು ಓದಬೇಕು. ನಾಳೆ ಕೆಲಸ ಸಿಕ್ಕ ಮೇಲೆ ಅಪ್ಪನ ಜೊತೆ ಹೋಮ್ ಲೋನಿಗೆ ಸಹಿ ಹಾಕಿ, ವರ್ಷಗಟ್ಟಲೆ ಇಎಂಐ ಕಟ್ಟುವವರು ನಾವೇ ತಾನೆ?

ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿ. 30×40 ಸೈಟು ಎಂದರೆ 1,200 ಚದರ ಅಡಿ. ಅಡಿಗೆ 200 ರೂಪಾಯಿ ಉಳಿದರೆ 2.40 ಲಕ್ಷ ಲಾಭ. ಅದರಲ್ಲಿ 1,500 ಚದರ ಅಡಿಯ ಮನೆ ಕಟ್ಟಿಸುತ್ತೀರಿ, ಅವರ ಬಿಲ್ಡರ್ ದರ ಹೊರಗಿನದಕ್ಕಿಂತ 300 ರೂಪಾಯಿ ಹೆಚ್ಚು ಎಂದುಕೊಳ್ಳಿ. 4.50 ಲಕ್ಷ ಹೋಯಿತು. ಚೌಕಾಸಿ ಮಾಡೋಣವೆಂದರೆ ಬೇರೆ ಮೇಸ್ತ್ರಿಯನ್ನು ಕರೆಯುವ ದಾರಿ ಆಗಲೇ ಮುಚ್ಚಿದೆ.

ಕಳೆದ ವರ್ಷ ನಮ್ಮ ಚಿಕ್ಕಪ್ಪ ಇಂಥದ್ದೇ ಒಂದು ಕರಾರಿನ ಜೆರಾಕ್ಸ್ ತಂದು, ‘ನೀನು ಸಿವಿಲ್ ಓದ್ತಿದೀಯಲ್ಲ, ನೋಡಿ ಹೇಳು’ ಎಂದರು. ಸಿಮೆಂಟು, ಕಬ್ಬಿಣ, ಟೈಲ್ಸ್ ಎಲ್ಲದರ ಬ್ರಾಂಡ್ ಇತ್ತು. ಪಾಯ ಮಾತ್ರ ‘ಐದು ಅಡಿವರೆಗೆ’, ಆಮೇಲಿನದು ಎಕ್ಸ್‌ಟ್ರಾ. ದಾವಣಗೆರೆ ಸುತ್ತ ಎರೆಭೂಮಿ ಬೇಕಾದಷ್ಟಿದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣದು. ಅಂಥ ಕಡೆ ಐದು ಅಡಿಗೆ ಗಟ್ಟಿ ನೆಲ ಸಿಗುತ್ತದೆಂದು ಮಣ್ಣು ಪರೀಕ್ಷೆ ಮಾಡಿಸದೆ ಹೇಳುವುದು ಹೇಗೆ? ಸಂಪು, ಕಾಂಪೌಂಡು ದರದಲ್ಲಿ ಸೇರಿರಲಿಲ್ಲ. ಬಾಲ್ಕನಿ ಮಾತ್ರ ಪೂರ್ತಿ ಅಳತೆಗೆ ಸೇರಿತ್ತು! ಚಿಕ್ಕಪ್ಪ ಮಣ್ಣಿನ ವರದಿ ಕೇಳಿದರು. ಅದು ಬರಲಿಲ್ಲ, ಇವರು ಅಡ್ವಾನ್ಸ್ ಕೊಡಲಿಲ್ಲ.

ಹಾಗೆಂದು ಷರತ್ತು ಹಾಕುವುದೇ ಮೋಸ ಎನ್ನಲಾರೆ. ಜಪಾನಿನಲ್ಲಿ ಬಿಲ್ಡರ್ ಷರತ್ತಿನ ಸೈಟುಗಳು ಮಾಮೂಲು. ಅಲ್ಲಿ ಸಾಮಾನ್ಯವಾಗಿ ಮೂರು ತಿಂಗಳ ಗಡುವು ಇರುತ್ತದೆ. ಅಷ್ಟರೊಳಗೆ ಆ ಬಿಲ್ಡರ್ ಜೊತೆ ಮನೆಯ ಕರಾರು ಕುದುರದಿದ್ದರೆ ಜಾಗದ ವ್ಯವಹಾರವೂ ರದ್ದು, ಕೊಟ್ಟ ಮುಂಗಡ ಪೂರ್ತಿ ವಾಪಸ್. ನಕ್ಷೆ, ದರ ಒಪ್ಪಿಗೆಯಾಗದವರಿಗೆ ಹೊರಬರಲು ಒಂದು ಬಾಗಿಲು. ಚಿಕ್ಕಪ್ಪ ತಂದ ಕರಾರಿನಲ್ಲಿ ನಾನು ಹುಡುಕಿದ್ದು ಅದನ್ನೇ, ಸಿಗಲಿಲ್ಲ.

ನಮ್ಮಲ್ಲಿ 2016ರ ರೇರಾ ಕಾಯ್ದೆ ಇದೆ. 500 ಚದರ ಮೀಟರ್ ಮೀರಿದ ಲೇಔಟ್ ಮಾರಾಟಕ್ಕೆ ಮೊದಲೇ ನೋಂದಣಿಯಾಗಬೇಕು. ರಿಜಿಸ್ಟರ್ ಆದ ಅಗ್ರಿಮೆಂಟ್ ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ. ಮನೆ ಕೈಗೆ ಬಂದ 5 ವರ್ಷದೊಳಗೆ ರಚನೆಯಲ್ಲಿ ದೋಷ ಕಂಡರೆ ಪ್ರವರ್ತಕರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಆದರೆ ಸೈಟಿನ ಪತ್ರ ಒಬ್ಬರ ಹೆಸರಲ್ಲಿ, ಕಟ್ಟಡದ ಕರಾರು ಇನ್ನೊಂದು ಕಂಪನಿಯ ಹೆಸರಲ್ಲಿ ಇದ್ದರೆ ‘ಅವರನ್ನು ಕೇಳಿ, ಇವರನ್ನು ಕೇಳಿ’ ಎಂಬ ಅಲೆದಾಟ ಶುರುವಾಗಬಹುದು. ನೋಂದಣಿ ಸಂಖ್ಯೆ ಸೈಟಿಗೆ ಮಾತ್ರವೋ, ಮನೆಗೂ ಸೇರಿದೆಯೋ ಎಂದು ಕರ್ನಾಟಕ ರೇರಾ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಸುಲಭದ ಪ್ರಶ್ನೆಯಿದೆ. ಮನೆಯವರ ಜೊತೆ ಸೈಟು ನೋಡಲು ಹೋದಾಗ ಕೇಳಿ: ‘ಮನೆ ನಾವೇ ಕಟ್ಟಿಸಿಕೊಂಡರೆ ಬರೀ ಸೈಟಿಗೆ ಎಷ್ಟು?’ ಉತ್ತರವನ್ನು ಬಾಯಲ್ಲಿ ಬೇಡ, ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ.