ಜಾಲತಾಣಕ್ಕೊಂದು ಒರೆಗಲ್ಲು

ಕೆಲವು ತಿಂಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಬಾಡಿದ ಮುಖದಿಂದ ಬಂದು ನನ್ನ ಮೇಜಿನ ಮುಂದೆ ನಿಂತನು. ಪ್ರವೇಶ ಪರೀಕ್ಷೆಯೊಂದರ ಶುಲ್ಕವನ್ನು ಅವನು ಜಾಲತಾಣದ ಮೂಲಕ ಸಲ್ಲಿಸಿದ್ದನು. ಹಣವು ಖಾತೆಯಿಂದ ಹೋಗಿತ್ತು. ಅರ್ಜಿಯು ಮಾತ್ರ ಅಧಿಕಾರಿಗಳನ್ನು ತಲುಪಿಯೇ ಇರಲಿಲ್ಲ. ವಿಷಯ ತಿಳಿಯುವ ಹೊತ್ತಿಗೆ ಕೊನೆಯ ದಿನಾಂಕವೂ ಕಳೆದಿದ್ದಿತು. ಅವನು ಕಂಡ ತಾಣದಲ್ಲಿ ಲಾಂಛನವಿದ್ದಿತು, ಸೂಚನೆಗಳಿದ್ದುವು, ವಿಳಾಸದ ಪಕ್ಕದಲ್ಲಿ ಬೀಗದ ಗುರುತೂ ಇದ್ದಿತು. ಆದರೂ ತಾಣವು ಖೋಟಾ. “ನೋಡುವುದಕ್ಕೆ ಹಾಗೆಯೇ ಇತ್ತಲ್ಲ, ಸಾರ್!” ಎಂದನು. ಆ ಮಾತೇ ಈ ಲೇಖನಕ್ಕೆ ಕಾರಣ.

ನೋಟವೆಂಬುದು ಪರೀಕ್ಷೆಯಲ್ಲ

ಆರ್ಕಿಮಿಡೀಸನ ಕಥೆಯನ್ನು ವಾಚಕರು ಬಲ್ಲರು. ಅರಸನ ಕಿರೀಟವು ಅಪ್ಪಟ ಚಿನ್ನವೇ ಎಂಬ ಪ್ರಶ್ನೆ ಬಂದಾಗ ಅವನು ಅದರ ಹೊಳಪನ್ನು ನಂಬಲಿಲ್ಲ. ಅಕ್ಕಸಾಲಿಗನು ಹೊಳಪನ್ನು ತರಬಲ್ಲನು, ಸಾಂದ್ರತೆಯನ್ನು ಬದಲಿಸಲಾರನು. ಮೋಸಗಾರನ ಕೈಗೆ ಎಟುಕದ ಗುಣವನ್ನು ಹುಡುಕಿ ಅಳೆಯುವುದೇ ಪರೀಕ್ಷೆಯ ತಿರುಳು.

ಜಾಲತಾಣದ ನೋಟವು ಕಿರೀಟದ ಹೊಳಪಿಗಿಂತಲೂ ಅಗ್ಗವಾದುದು. ನಾವು ಒಂದು ಪುಟವನ್ನು ತೆರೆದಾಗ ಅದರ ಅಕ್ಷರ, ಚಿತ್ರ, ಬಣ್ಣ ಎಲ್ಲದರ ಪ್ರತಿಯೂ ನಮ್ಮ ಯಂತ್ರಕ್ಕೆ ಬಂದು ಸೇರುತ್ತದೆ. ಹೀಗೆ ಬಂದುದನ್ನು ಯಾರು ಬೇಕಾದರೂ ನಿಮಿಷಗಳಲ್ಲಿ ನಕಲು ಮಾಡಬಹುದು. ಕಾಗುಣಿತದ ತಪ್ಪುಗಳಿಂದ ಖೋಟಾ ತಾಣವನ್ನು ಗುರುತಿಸಬಹುದೆಂಬ ಹಳೆಯ ಸಲಹೆಯೂ ಈಗ ಸಾಲದು. ಯಂತ್ರವೇ ತಪ್ಪಿಲ್ಲದ ಭಾಷೆಯನ್ನು ಬರೆದುಕೊಡುವ ಕಾಲವಿದು.

ಹಾಗಾದರೆ ನಕಲು ಮಾಡಲಾಗದ ಗುಣ ಯಾವುದು? ಅದು ತಾಣದ ಹೆಸರು. ಅಂತರಜಾಲದಲ್ಲಿ ಯಂತ್ರಗಳು ಒಂದನ್ನೊಂದು ಅಂಕೆಗಳಿಂದ ಗುರುತಿಸುತ್ತವೆ. ಆ ಅಂಕೆಗಳಿಗೆ ಹೆಸರುಗಳನ್ನು ಹೊಂದಿಸಿಕೊಡುವ ವ್ಯವಸ್ಥೆಯನ್ನು ೧೯೮೩ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ಎಂಬವರು ರೂಪಿಸಿದರು. ಇದರಲ್ಲಿ ಒಂದು ಹೆಸರು ಒಂದು ಕಾಲಕ್ಕೆ ಒಬ್ಬರ ವಶದಲ್ಲಿ ಮಾತ್ರ ಇರಬಲ್ಲುದು. ಆದುದರಿಂದ ಮೋಸಗಾರನು ನಿಜವಾದ ಹೆಸರನ್ನು ಪಡೆಯಲಾರನು. ಅದನ್ನು ಹೋಲುವ ಬೇರೊಂದನ್ನು ಕೊಳ್ಳುತ್ತಾನೆ. ನಮ್ಮ ಕೆಲಸವೆಂದರೆ ಹೆಸರನ್ನು ಸರಿಯಾಗಿ ಓದುವುದು.

ಬಲದಿಂದ ಎಡಕ್ಕೆ ಓದಿರಿ

ಒಂದು ಲಕೋಟೆಯ ಮೇಲೆ “ಮೈಸೂರು ರಸ್ತೆ, ಬೆಂಗಳೂರು” ಎಂದು ಬರೆದಿದೆಯೆನ್ನೋಣ. ಅದು ಮೈಸೂರಿಗೆ ಹೋಗುವುದೆ? ಇಲ್ಲ, ಊರನ್ನು ಹೇಳುವುದು ಕೊನೆಯ ಪದ. ಜಾಲತಾಣದ ವಿಳಾಸವೂ ಹೀಗೆಯೇ. ಚುಕ್ಕೆಗಳಿಂದ ಬೇರ್ಪಟ್ಟ ಭಾಗಗಳಲ್ಲಿ ಬಲತುದಿಯದೇ ಅತ್ಯಂತ ದೊಡ್ಡ ಆವರಣ. ಎಡಕ್ಕೆ ಸರಿದಂತೆಲ್ಲ ಆವರಣವು ಕಿರಿದಾಗುತ್ತದೆ.

ಕನ್ನಡದ ಅಕ್ಷರಗಳಲ್ಲೇ ಒಂದು ಕಲ್ಪಿತ ವಿಳಾಸವನ್ನು ಬರೆದು ನೋಡೋಣ: ಪರೀಕ್ಷೆ.ಗವ್.ಇನ್.ಶುಲ್ಕಪಾವತಿ.ಕಾಂ. ಅವಸರದ ಕಣ್ಣು “ಗವ್.ಇನ್” ಎಂಬುದನ್ನು ಕಂಡು, ಇದು ಸರ್ಕಾರದ ತಾಣವೆಂದು ತೃಪ್ತಿಪಡುತ್ತದೆ. ಬಲದಿಂದ ಓದಿದರೆ ಮೊದಲು “ಕಾಂ”, ಅನಂತರ “ಶುಲ್ಕಪಾವತಿ”. ಇವೆರಡೇ ಒಡೆಯನ ಹೆಸರು. ಅದರ ಎಡಕ್ಕೆ ಏನನ್ನು ಬೇಕಾದರೂ ಬರೆದುಕೊಳ್ಳುವ ಸ್ವಾತಂತ್ರ್ಯವು ಆ ಒಡೆಯನಿಗೆ ಉಂಟು, ಅಲ್ಲಿರುವ “ಗವ್.ಇನ್” ಬೆಂಗಳೂರಿನ ಮೈಸೂರು ರಸ್ತೆಯಂತೆ.

ಇನ್ನು ಮೂರು ಎಚ್ಚರಿಕೆಗಳು. ಹೆಸರು ಮುಗಿದ ಮೇಲೆ ಬರುವ ಮೊದಲನೆಯ ಓರೆಗೆರೆಯ ಆಚೆಗಿನದೆಲ್ಲ ಮನೆಯೊಳಗಿನ ಕೋಣೆ ಮಾತ್ರ. ಅಲ್ಲಿ ಏನು ಬರೆದಿದ್ದರೂ ಒಡೆಯನು ಬದಲಾಗುವುದಿಲ್ಲ. ಅಡ್ಡಗೆರೆಯು ಚುಕ್ಕೆಯಲ್ಲ, “ಪರೀಕ್ಷೆ-ಗವ್-ಇನ್.ಕಾಂ” ಎಂಬುದು ಯಾರು ಬೇಕಾದರೂ ಕೊಳ್ಳಬಹುದಾದ ಹೆಸರು. ಬಲತುದಿಯಲ್ಲಿ “ಗವ್.ಇನ್”, “ಎಸಿ.ಇನ್”, “ಕೋ.ಇನ್” ಮೊದಲಾದ ಜೋಡಿಗಳಿದ್ದಲ್ಲಿ ಅದರ ಎಡಕ್ಕಿರುವ ಭಾಗವನ್ನೂ ಸೇರಿಸಿ ಓದಬೇಕು. ಇವುಗಳ ಪೈಕಿ “ಗವ್.ಇನ್” ಸರ್ಕಾರಿ ಸಂಸ್ಥೆಗಳಿಗೆ ಮೀಸಲು. ಭಾರತೀಯ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೂ ಇಂತಹ ಆವರಣವೊಂದನ್ನು ಕಲ್ಪಿಸಿ, ೨೦೨೫ರ ಅಕ್ಟೋಬರ್ ೩೧ರೊಳಗೆ “ಬ್ಯಾಂಕ್.ಇನ್” ಎಂದು ಕೊನೆಗೊಳ್ಳುವ ಹೆಸರಿಗೆ ಬದಲಾಗಬೇಕೆಂದು ಅವುಗಳಿಗೆ ಆದೇಶಿಸಿತು.

ಕಣ್ಣಿಗೂ ಮೀರಿದ ಮೋಸ

ಹೆಸರನ್ನು ಓದುವುದರಲ್ಲಿಯೂ ಒಂದು ತೊಡಕುಂಟು. ಕನ್ನಡದ ‘ರ’ಕಾರವೂ ತೆಲುಗಿನ ‘ರ’ಕಾರವೂ ನಮ್ಮ ಕಣ್ಣಿಗೆ ಬಹುಮಟ್ಟಿಗೆ ಒಂದೇ, ಯಂತ್ರಕ್ಕಾದರೋ ಮೊದಲನೆಯದು ೩೨೪೮, ಎರಡನೆಯದು ೩೧೨೦. ಹಾಗೆಯೇ ಇಂಗ್ಲಿಷಿನ ಸಣ್ಣ ‘ಎ’ ಅಕ್ಷರದ ಸಂಖ್ಯೆ ೯೭. ಅದನ್ನೇ ಹೋಲುವ ರಷ್ಯನ್ ಅಕ್ಷರದ್ದು ೧೦೭೨. ೨೦೧೭ರ ಏಪ್ರಿಲ್‌ನಲ್ಲಿ ಸಂಶೋಧಕರೊಬ್ಬರು ಆಪಲ್ ಸಂಸ್ಥೆಯ ಹೆಸರನ್ನು ರಷ್ಯನ್ ಮೊದಲಾದ ಭಾಷೆಗಳನ್ನು ಬರೆಯುವ ಸಿರಿಲಿಕ್ ಲಿಪಿಯಲ್ಲಿ ನೋಂದಾಯಿಸಿ ತೋರಿಸಿದರು. ಆಗಿನ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳಲ್ಲಿ ಅದು ನಿಜವಾದ ಹೆಸರಿನಂತೆಯೇ ಕಾಣಿಸಿತು. ಕ್ರೋಮ್ ಅದೇ ತಿಂಗಳು ಈ ದೋಷವನ್ನು ತಿದ್ದಿಕೊಂಡಿತು. ಆದರೂ ‘ಒ’ ಅಕ್ಷರದ ಬದಲು ಸೊನ್ನೆ, ‘ಎಂ’ ಬದಲು ‘ಆರ್’ ಮತ್ತು ‘ಎನ್’ ಜೋಡಿಸಿಡುವಂತಹ ಸರಳ ಉಪಾಯಗಳು ಇಂದಿಗೂ ಉಳಿದಿವೆ.

ಬೀಗವು ಹೇಳುವುದೇನು?

ನನ್ನ ವಿದ್ಯಾರ್ಥಿಯು ನಂಬಿದ ಬೀಗವು ಸುಳ್ಳು ಹೇಳಲಿಲ್ಲ. ಅವನೇ ಅದರ ಮಾತನ್ನು ತಪ್ಪಾಗಿ ತಿಳಿದನು. ನಮಗೂ ಆ ಹೆಸರಿನ ತಾಣಕ್ಕೂ ನಡುವೆ ಹೋಗುವ ಸಂದೇಶವನ್ನು ದಾರಿಯಲ್ಲಿ ಮತ್ತೊಬ್ಬರು ಓದಲಾರರೆಂದು ಮಾತ್ರ ಬೀಗವು ಹೇಳುತ್ತದೆ. ಅರಗಿನ ಮುದ್ರೆಯೊತ್ತಿದ ಪತ್ರವು ಭದ್ರವಾಗಿಯೇ ಹೋಗುತ್ತದೆ, ಆದರೆ ಕಳ್ಳನ ವಿಳಾಸಕ್ಕೆ! ಮೋಸಗಾರನೂ ತನ್ನ ಸ್ವಂತ ಹೆಸರಿಗೆ ಪ್ರಮಾಣಪತ್ರವನ್ನು ನಿಯಮದಂತೆ, ಅದೂ ಉಚಿತವಾಗಿ, ಪಡೆಯಬಲ್ಲನು. ಕ್ರೋಮ್ ತಯಾರಿಸುವ ಗೂಗಲ್ ಸಂಸ್ಥೆಯು ೨೦೨೧ರಲ್ಲಿ ನಡೆಸಿದ ಅಧ್ಯಯನದಲ್ಲಿ ಬೀಗದ ನಿಜವಾದ ಅರ್ಥವನ್ನು ಬಲ್ಲವರು ಶೇಕಡಾ ೧೧ ಮಂದಿ ಮಾತ್ರ ಇದ್ದರು. ಆದಕಾರಣ ೨೦೨೩ರಲ್ಲಿ ಕ್ರೋಮ್‌ನ ವಿಳಾಸಪಟ್ಟಿಯಿಂದ ಆ ಗುರುತನ್ನೇ ತೆಗೆದರು.

ಪ್ರಯೋಗದ ಕ್ರಮ

ಇಷ್ಟನ್ನು ತಿಳಿದ ಮೇಲೆ ಅನುಸರಿಸಬೇಕಾದ ಕ್ರಮವು ಸುಲಭ. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ, ಅಧಿಸೂಚನೆಯಲ್ಲಿ ಅಚ್ಚಾಗಿರುವ ವಿಳಾಸವನ್ನು ನೀವೇ ಬರೆದು ತೆರೆಯಿರಿ. ಹುಡುಕುಯಂತ್ರದ ಮೊದಲ ಸಾಲುಗಳಲ್ಲಿ ಜಾಹೀರಾತುಗಳೂ ಇರುತ್ತವೆಂಬುದನ್ನು ಮರೆಯಬೇಡಿರಿ. ಫೋನಿನ ಕಿರಿದಾದ ಪರದೆಯಲ್ಲಿ ವಿಳಾಸವು ಪೂರ್ತಿಯಾಗಿ ಕಾಣದಿದ್ದರೆ, ಅದನ್ನು ಮುಟ್ಟಿ ಬಲತುದಿಯವರೆಗೆ ಓದಿರಿ. ಗುಪ್ತಪದಗಳನ್ನು ನೆನಪಿಟ್ಟುಕೊಳ್ಳುವ ಸಾಧನವನ್ನು ಬಳಸಿರಿ. ಅದು ಮುಖವನ್ನು ನೋಡದೆ ಹೆಸರಿನ ಅಕ್ಷರಗಳನ್ನಷ್ಟೇ ಹೋಲಿಸುವುದರಿಂದ ಖೋಟಾ ತಾಣದಲ್ಲಿ ತಾನಾಗಿ ಗುಪ್ತಪದವನ್ನು ತುಂಬುವುದಿಲ್ಲ. ಅಕಸ್ಮಾತ್ ಹಣ ಹೋದರೆ ನಾಚಿಕೆಯಿಂದ ಸುಮ್ಮನಿರದೆ, ಕೂಡಲೇ ೧೯೩೦ ಎಂಬ ಸಂಖ್ಯೆಗೆ ಕರೆ ಮಾಡಿ ದೂರು ಕೊಡಿರಿ. ತಡಮಾಡಿದಷ್ಟೂ ಹಣವು ಕೈಯಿಂದ ಕೈಗೆ ದಾಟುತ್ತದೆ.

ಮರುವರ್ಷ ಮತ್ತೆ ಅರ್ಜಿ ಹಾಕಲು ಆ ವಿದ್ಯಾರ್ಥಿಯು ನಿಶ್ಚಯಿಸಿದ್ದಾನೆ. ಪ್ರಯೋಗಶಾಲೆಯಲ್ಲಿ ವರ್ನಿಯರ್ ಮಾಪಕವನ್ನು ಅವನು ಎರಡು ಬಾರಿ ಓದುವುದನ್ನು ನಾನು ಕಂಡಿದ್ದೇನೆ. ಶುಲ್ಕ ಕಟ್ಟುವಾಗ ವಿಳಾಸವನ್ನೂ ಹಾಗೆಯೇ ಎರಡು ಬಾರಿ ಓದುವೆನೆಂದು ಅವನು ಮಾತು ಕೊಟ್ಟಿದ್ದಾನೆ.