ಸಿಪ್ಪೆಯೊಳಗಿನ ಕತ್ತರಿ

ರಾಮದುರ್ಗ ಸೀಮೆಯ ಶಬರಿಕೊಳ್ಳಕ್ಕೆ ಹೋಗಿ ಬಂದು ಸುರೇಬಾನದಲ್ಲಿ ಬಸ್ಸಿಗೆ ಕಾಯುತ್ತ ತಳ್ಳುಗಾಡಿಯ ಅನಾನಸ್ ತಿಂದೆ. ಉಪ್ಪು–ಖಾರ ಉದುರಿಸಿದ ನಾಲ್ಕನೇ ಹೋಳಿಗೆ ನಾಲಗೆ ಚುರುಗುಟ್ಟತೊಡಗಿತು. ಗಾಡಿಯ ಕೆಳಗಿನ ಬುಟ್ಟಿ ತುಂಬ ಸಿಪ್ಪೆ, ಜುಟ್ಟು, ನಡುವಿನ ಗಟ್ಟಿ ದಿಂಡು. ಆಗಲೇ ಒಂದು ಆಕಳು ಅದಕ್ಕೆ ಮೂತಿ ಹಾಕಿತ್ತು.

ಚುರುಗುಟ್ಟುವುದಕ್ಕೆ ಹುಳಿಯೊಂದೇ ಕಾರಣವಲ್ಲ. ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ಕತ್ತರಿಸುವುದೇ ಅದರ ಕಸುಬು. ಮಾಂಸ ಮೆದುಮಾಡಲು, ಔಷಧಿಗೆ ಅದು ಬೇಕು. ಬಿಸಾಕುವ ದಿಂಡು, ಸಿಪ್ಪೆಗಳಲ್ಲೂ ಅದು ಸಿಗುತ್ತದೆ. ಆದರೆ ಸಕ್ಕರೆ, ಆಮ್ಲ, ಬಣ್ಣ, ಬೇರೆ ಪ್ರೋಟೀನುಗಳ ಜಂಗುಳಿಯಿಂದ ಅದೊಂದನ್ನೇ ಹೆಕ್ಕಬೇಕಲ್ಲ, ಖರ್ಚೆಲ್ಲ ಅಲ್ಲೇ.

ಹೆಕ್ಕುವ ಹಳೆಯ ದಾರಿ ಕ್ರೊಮ್ಯಾಟೊಗ್ರಫಿ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಗೆ ಸುರಿದ. ಹಸಿರು, ಹಳದಿ ಪಟ್ಟೆಗಳು ಬೇರೆ ಬೇರೆಯಾಗಿ ಇಳಿದವು. ಪ್ರೋಟೀನಿಗೆ ಪುಡಿಯ ಬದಲು ಸಣ್ಣ ರಂಧ್ರಗಳ ಜೆಲ್ ಮಣಿಗಳು ಬಂದವು. ಭರತ ಹುಣ್ಣಿಮೆಗೆ ಸವದತ್ತಿ ಗುಡ್ಡದ ಜಾತ್ರೆಯಲ್ಲಿ ನೋಡಿ: ಹಿರಿಯರು ನೆಟ್ಟಗೆ ನಡೆದು ಮುಂದೆ ಹೋಗುತ್ತಾರೆ, ಮಕ್ಕಳು ಅಂಗಡಿ ಅಂಗಡಿಗೂ ನುಗ್ಗಿ ಹಿಂದುಳಿಯುತ್ತಾರೆ. ಜೆಲ್ ಕೊಳವೆಯಲ್ಲೂ ದೊಡ್ಡ ಅಣು ಮೊದಲು ಹೊರಬೀಳುತ್ತದೆ, ಸಣ್ಣದು ರಂಧ್ರ ಹೊಕ್ಕು ತಡವಾಗಿ ಬರುತ್ತದೆ. ಫಲಿತಾಂಶ ಚೊಕ್ಕ, ಕೆಲಸ ನಿಧಾನ, ಮಣಿಗಳು ತುಟ್ಟಿ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಉಮೇಶ್ ಹೆಬ್ಬಾರ್, ಸುಮನಾ, ರಾಘವರಾವ್ ಬೇರೆ ದಾರಿ ಹಿಡಿದರು. ಅನಾನಸಿನ ಕಸವನ್ನೇ ತೆಗೆದುಕೊಂಡ ಅವರ ಪ್ರಬಂಧ 2008ರಲ್ಲಿ ಪ್ರಕಟವಾಯಿತು. ಆ ದಾರಿ ಸಾಬೂನಿನದು: ಅದರ ಅಣುವಿಗೆ ನೀರು ಬಯಸುವ ತಲೆ, ಎಣ್ಣೆ ಬಯಸುವ ಬಾಲ. ನೀರಿನಲ್ಲಿ ಬಾಲಗಳು ಒಳಗೆ ಅಡಗಿ ಗುಂಪುಕಟ್ಟುತ್ತವೆ, ಆ ಗುಂಪೇ ಮಿಸೆಲ್. ಎಣ್ಣೆಯಂಥ ದ್ರಾವಕದಲ್ಲಿ ಇದೇ ಉಲ್ಟಾ: ತಲೆಗಳು ಒಳಮುಖವಾಗಿ, ನಡುವೆ ಒಂದು ಪುಟ್ಟ ನೀರಹನಿ ಹಿಡಿದು ಕೂರುತ್ತವೆ. ಇದೇ ರಿವರ್ಸ್ ಮಿಸೆಲ್. ಅವರು ಬಳಸಿದ ಸಿಟಿಎಬಿ ಎಂಬ ಸಾಬೂನಿನಂಥ ವಸ್ತುವಿನ ತಲೆ ಧನ ವಿದ್ಯುದಂಶದ್ದು. ರಸದ ಆಮ್ಲೀಯತೆ ತಗ್ಗಿಸಿದರೆ ಹಣ್ಣಿನ ಬ್ರೊಮೆಲಿನ್ ಋಣವಾಗುತ್ತದೆ, ಸೆಳೆತಕ್ಕೆ ಸಿಕ್ಕಿ ಆ ಹನಿಯೊಳಗೆ ಸೇರುತ್ತದೆ. ದ್ರಾವಕ ಹೊರಗೆ ಉಳಿಯುವುದರಿಂದ ಕಿಣ್ವದ ಮಡಚಿದ ಆಕಾರ ಬಿಚ್ಚಿಕೊಳ್ಳುವುದಿಲ್ಲ. ಆಮೇಲೆ ಉಪ್ಪು ಬೆರೆಸಿದ ಹುಳಿ ನೀರಿನೊಂದಿಗೆ ಕಲಕಿದರೆ ಸೆಳೆತ ಸಡಿಲಿ ಕಿಣ್ವ ಈಚೆ ಬರುತ್ತದೆ.

ದಿಂಡಿನಿಂದ ತೆಗೆದದ್ದು 5.2 ಪಟ್ಟು ಶುದ್ಧವಾಯಿತು. ಕಿಣ್ವದ ಚಟುವಟಿಕೆ ಶೇ 106 ಮರಳಿತು. ನೂರಕ್ಕಿಂತ ಹೆಚ್ಚು ಹೇಗೆ ಎಂದು ನಾನೂ ಹುಬ್ಬೇರಿಸಿದೆ. ರಸದಲ್ಲಿ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತಿದ್ದ ಪದಾರ್ಥಗಳು ಹಿಂದೆ ಉಳಿದರೆ ಲೆಕ್ಕ ಹೀಗೂ ಬರುತ್ತದೆ.

ಇಷ್ಟಕ್ಕೇ ಕುಣಿಯಬೇಕಿಲ್ಲ. ಅವರು ಬಳಸಿದ ದ್ರಾವಕ ಐಸೋಆಕ್ಟೇನ್, ಪೆಟ್ರೋಲಿನ ಬಂಧು. ತಿನ್ನುವ ವಸ್ತುವಿನಲ್ಲಿ ಅದರ ವಾಸನೆಯೂ ಉಳಿಯಕೂಡದು, ಸಿಟಿಎಬಿಯೂ ಅಷ್ಟೇ. ಶುದ್ಧಿ ಇನ್ನೂ ಹೆಚ್ಚು ಬೇಕೆಂದರೆ ಕೊನೆಗೆ ಕ್ರೊಮ್ಯಾಟೊಗ್ರಫಿಯ ಕೊಳವೆಗೇ ಮರಳಬೇಕು. ಸಿಪ್ಪೆಯೂ ಕಾಯುವುದಿಲ್ಲ: ರಾಮದುರ್ಗ ಸೀಮೆಯ ಏಪ್ರಿಲ್ ಬಿಸಿಲಿಗೆ ಬುಟ್ಟಿಯಲ್ಲಿ ಮಧ್ಯಾಹ್ನದೊಳಗೆ ಹುಳಿವಾಸನೆ, ನೊಣ. ನಾನು ಬಸ್ ಹತ್ತುವಾಗ ಆಕಳು ದಿಂಡು ಬಿಟ್ಟು ಜುಟ್ಟಿಗೆ ಬಾಯಿ ಹಾಕಿತ್ತು.